ಅಳಿಸಬೇಕಾದ ದಾಖಲೆ, ಉಳಿಸಿಕೊಳ್ಳಬೇಕಾದ ಪ್ರತಿ

ಬಾಲ ನ್ಯಾಯ ಮಂಡಳಿಯ ಮುಂದೆ ಮಕ್ಕಳ ಪರವಾಗಿ ನಿಲ್ಲುವ ಕಾನೂನು ನೆರವಿನ ವಕೀಲೆ ನಾನು. ಬೈಕ್ ಕದ್ದದ್ದು, ಜಾತ್ರೆಯಲ್ಲಿ ಹೊಡೆದಾಡಿದ್ದು, ಮೊಬೈಲ್ ಕಸಿದದ್ದು ಇಂಥವೇ ನನ್ನ ಕೈಗೆ ಬರುವ ಪ್ರಕರಣಗಳಲ್ಲಿ ಹೆಚ್ಚು. ಮಂಡಳಿ ಹುಡುಗನಿಗೆ ಬುದ್ಧಿ ಹೇಳಿಯೋ, ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿಟ್ಟೋ ಮನೆಗೆ ಕಳಿಸುತ್ತದೆ. ಅಪ್ಪ ಅಮ್ಮ ಸದ್ಯ ಮುಗಿಯಿತೆಂದು ಊರಿನ ಬಸ್ಸು ಹತ್ತುತ್ತಾರೆ. ಕೆಲವು ವರ್ಷಗಳ ಮೇಲೆ ಅವನು ಪೊಲೀಸ್ ಪೇದೆ ಹುದ್ದೆಗೋ ಸೇನೆಗೋ ಅರ್ಜಿ ಹಾಕಿದಾಗ ಹಳೆಯ ಕಾಗದ ಎಲ್ಲಿಂದಲೋ ಎದ್ದು ಬರುತ್ತದೆ. ಅದು ಉಳಿದಿರಬಾರದೆಂದು 2015ರ ಬಾಲ ನ್ಯಾಯ ಕಾಯ್ದೆಯೇ ಹೇಳುತ್ತದೆ. ಮಗುವಿಗೆ ಹೊಸ ಆರಂಭ ಸಿಗಬೇಕೆಂಬುದು ಅದರ 3ನೇ ಸೆಕ್ಷನ್ನಿನ ತತ್ವಗಳಲ್ಲಿ ಒಂದು. ಆದರೆ ಯಾರೂ ಬೆನ್ನು ಹತ್ತದಿದ್ದರೆ ಯಾವ ಕಚೇರಿಯ ಕಪಾಟಿನಿಂದಲೂ ಕಾಗದ ತಾನಾಗಿ ಹೊರಬೀಳುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವ ವಕೀಲರಿಗೂ ಮಕ್ಕಳ ಮನೆಯವರಿಗೂ ನಾನು ಹೇಳುವ ಮಾತುಗಳಿವು.

1. ಪ್ರಕರಣ ಯಾವ ಗುಂಪಿನದೆಂದು ಮೊದಲು ನೋಡಿ

ಗರಿಷ್ಠ ಮೂರು ವರ್ಷದವರೆಗೆ ಶಿಕ್ಷೆಯಿರುವುದು ಸಣ್ಣ ಅಪರಾಧ, ಅದಕ್ಕೆ ಮೇಲಿನದು ಗಂಭೀರ, ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚಿರುವುದು ಘೋರ. 24ನೇ ಸೆಕ್ಷನ್ ಪ್ರಕಾರ, ತಪ್ಪು ಮಾಡಿದ್ದು ಸಾಬೀತಾದರೂ ವಯಸ್ಕ ಅಪರಾಧಿಗೆ ಅಂಟುವ ಅನರ್ಹತೆ ಮಗುವಿಗೆ ಅಂಟುವುದಿಲ್ಲ. ಇದಕ್ಕೊಂದು ಹೊರತಿದೆ. ಹದಿನಾರು ತುಂಬಿದವರನ್ನು ಘೋರ ಅಪರಾಧಕ್ಕಾಗಿ ಮಕ್ಕಳ ನ್ಯಾಯಾಲಯ ವಯಸ್ಕರಂತೆ ವಿಚಾರಿಸಿ ತಪ್ಪಿತಸ್ಥರೆಂದರೆ ಈ ರಕ್ಷಣೆ ಇಲ್ಲ, ದಾಖಲೆಯೂ ಉಳಿಯುತ್ತದೆ. ಅಂಥ ಮನೆಯವರಿಗೆ ಮೊದಲ ದಿನವೇ ಇದನ್ನು ಬಿಡಿಸಿ ಹೇಳಬೇಕು.

2. ಆದೇಶದಲ್ಲಿ ಜಾಗಗಳ ಹೆಸರಿರಲಿ

ಸಿನಿಮಾ ನೋಡಿದ ಹುಡುಗರು ‘ಫೈಲು ಸೀಲ್ ಮಾಡಿಸಿ ಮೇಡಂ’ ಎನ್ನುತ್ತಾರೆ. ಮುಚ್ಚಿ ಮೊಹರು ಹಾಕಿಡುವ ಪದ್ಧತಿ ಅಮೆರಿಕದ ರಾಜ್ಯಗಳದು. ನಮ್ಮ ಕಾಯ್ದೆ ದಾಖಲೆಯನ್ನು ನಾಶಮಾಡಿ ಎನ್ನುತ್ತದೆ, ಹಾಗೆಂದು ಪೊಲೀಸರಿಗೆ ನಿರ್ದೇಶನ ಕೊಡುವ ಕೆಲಸವನ್ನು ಮಂಡಳಿಗೆ ಒಪ್ಪಿಸುತ್ತದೆ. ಅಂತಿಮ ಆದೇಶದ ಕೊನೆಗೆ ‘ದಾಖಲೆಗಳನ್ನು ನಿಯಮಾನುಸಾರ ನಾಶಪಡಿಸತಕ್ಕದ್ದು’ ಎಂಬ ಒಂದು ಸಾಲು ಬಿದ್ದರೆ ಸಾಕೆಂದು ಬಹಳ ವಕೀಲರು ತಿಳಿಯುತ್ತಾರೆ. ಆ ಸಾಲು ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಹಾಗಾಗಿ ಯಾರೂ ಓಗೊಡುವುದಿಲ್ಲ.

ಒಂದು ಸಣ್ಣ ಕಳವಿನ ಪ್ರಕರಣದ ಕಾಗದ ಎಷ್ಟು ಕಡೆ ಹಂಚಿಹೋಗಿರುತ್ತದೆ ನೋಡಿ. ಘೋರ ಅಪರಾಧ ಅಥವಾ ವಯಸ್ಕರ ಜೊತೆ ಸೇರಿ ಮಾಡಿದ ಅಪರಾಧ ಬಿಟ್ಟರೆ ಮಗುವಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ; ಠಾಣೆಯ ದಿನಚರಿಯಲ್ಲಿ ಬರೆದು, ಸಾಮಾಜಿಕ ಹಿನ್ನೆಲೆ ವರದಿಯೊಂದಿಗೆ ಮಂಡಳಿಗೆ ಕಳಿಸಬೇಕೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಅಂದರೆ ಠಾಣೆಯಲ್ಲೊಂದು ನಮೂದು. ಎಫ್‌ಐಆರ್ ಆಗಿದ್ದರೆ ಪೊಲೀಸರ ಸಿಸಿಟಿಎನ್‌ಎಸ್ ಕಂಪ್ಯೂಟರಿನಲ್ಲೊಂದು. ಮಂಡಳಿಯ ಕಚೇರಿಯಲ್ಲಿ ಮೂಲ ಕಡತ. ಹುಡುಗ ಎರಡು ದಿನ ಇದ್ದರೂ ವೀಕ್ಷಣಾಲಯದ ದಾಖಲಾತಿ ಪುಸ್ತಕ. ಪರಿವೀಕ್ಷಣಾಧಿಕಾರಿಯ ಬಳಿ ಒಂದು ಪ್ರತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇನ್ನೊಂದು. ಅರ್ಜಿಯಲ್ಲಿ ಇವನ್ನೆಲ್ಲ ಒಂದೊಂದಾಗಿ ಬರೆಯಿರಿ. ಪ್ರತಿಯೊಂದು ಕಚೇರಿಯೂ ನಾಶಪಡಿಸಿದ ಮೇಲೆ ಮಂಡಳಿಗೆ ಪಾಲನಾ ವರದಿ ಕೊಡಬೇಕೆಂದು ಕೋರಿ. ಆ ವರದಿ ಕೈಗೆ ಬರುವತನಕ ಕೆಲಸ ಮುಗಿದಿಲ್ಲ.

3. ಏಳು ವರ್ಷ ಎಂಬುದು ಮೇಲಿನ ಮಿತಿ

14ನೇ ನಿಯಮದ ಪ್ರಕಾರ ದಾಖಲೆಯನ್ನು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ ಏಳು ವರ್ಷ ಕಾಪಾಡಬೇಕು, ಅದಕ್ಕಿಂತ ಹೆಚ್ಚು ಇಡಬಾರದು. ಕಚೇರಿಗಳು ಏಳು ವರ್ಷವನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹದಿನಾಲ್ಕರ ಹುಡುಗನಿಗೆ ಏಳು ಸೇರಿಸಿದರೆ ಇಪ್ಪತ್ತೊಂದು. ಅಷ್ಟರಲ್ಲಿ ಅವನು ಕಾಲೇಜು, ಹಾಸ್ಟೆಲ್, ಮೊದಲ ನೌಕರಿ ಎಂದು ಹತ್ತು ಬಾಗಿಲು ತಟ್ಟಿರುತ್ತಾನೆ. ಮಂಡಳಿಯ ಆದೇಶದ ಮೇಲೆ ಮೇಲ್ಮನವಿ ಹೋಗಲು ಇರುವುದು ಮೂವತ್ತು ದಿನ. ಸಣ್ಣ ಪ್ರಕರಣದಲ್ಲಿ ಯಾರೂ ಮೇಲ್ಮನವಿ ಹೋಗದಿದ್ದರೆ, ಆ ಅವಧಿ ಮುಗಿದ ಕೂಡಲೇ ನಾಶಪಡಿಸಿ ಎಂದು ಕಾರಣ ಕೊಟ್ಟು ಕೇಳುವುದು ನನ್ನ ರೂಢಿ. ಎಲ್ಲ ಮಂಡಳಿಗಳೂ ಒಪ್ಪುವುದಿಲ್ಲ. ಒಪ್ಪದಿದ್ದರೆ ಏಳು ವರ್ಷ ಯಾವ ತಾರೀಕಿಗೆ ಮುಗಿಯುತ್ತದೆ ಎಂಬುದನ್ನಾದರೂ ಆದೇಶದಲ್ಲೇ ಬರೆಸಿಕೊಳ್ಳಿ.

4. ನಾಶವಾಗುವ ಮೊದಲು ಒಂದು ಪ್ರತಿ ಮನೆಗೆ ಹೋಗಲಿ

ಈ ಪಾಠವನ್ನು ಮನೆಯವರಿಗೆ ಒಪ್ಪಿಸುವುದೇ ಕಷ್ಟ. ‘ಕೇಸು ಮುಗೀತಲ್ಲ ಮೇಡಂ, ಆ ದರಿದ್ರದ ಕಾಗದ ನಮಗ್ಯಾಕೆ?’ ಎಂದು ಒಬ್ಬ ತಾಯಿ ಕೇಳಿದ್ದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಮಂಡಳಿಯ ಕಡತ ನಾಶವಾಗಿ, ಎಲ್ಲೋ ಒಂದು ಠಾಣೆಯಲ್ಲಿ ನಮೂದು ಮಾತ್ರ ಉಳಿದುಕೊಂಡರೆ, ಹುಡುಗನ ಮೇಲೆ ಕೇಸಿತ್ತು ಎಂಬುದಕ್ಕೆ ಪುರಾವೆ ಇರುತ್ತದೆ, ಅದು ಹೇಗೆ ಮುಗಿಯಿತು ಎಂಬುದಕ್ಕೆ ಇರುವುದಿಲ್ಲ. ಆಗ ಅವನ ಕೈಹಿಡಿಯುವುದು ಅಂತಿಮ ಆದೇಶದ ದೃಢೀಕೃತ ನಕಲು ಒಂದೇ. 24ನೇ ಸೆಕ್ಷನ್ನಿನಡಿ ಯಾವ ಅನರ್ಹತೆಯೂ ಇಲ್ಲ ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿರಲಿ. ವಯಸ್ಸಿನ ದಾಖಲೆಯನ್ನೂ ಜೊತೆಗಿಡಿ. ಮನೆಯಲ್ಲಿ ಭದ್ರವಾಗಿರಲಿ; ಯಾರಿಗೂ ಫೋಟೊ ತೆಗೆದು ಕಳಿಸಬೇಡಿ.

5. ದೊಡ್ಡವರ ಕೇಸಿನಲ್ಲಿ ಮಗುವಿನ ಹೆಸರು ಸೋರುತ್ತದೆ

ಮಗುವನ್ನು ವಯಸ್ಕರ ಜೊತೆ ಒಟ್ಟಿಗೆ ವಿಚಾರಿಸುವಂತಿಲ್ಲ. ಮಂಡಳಿಯಲ್ಲಿ ಬೇರೆ, ನ್ಯಾಯಾಲಯದಲ್ಲಿ ಬೇರೆ. ಆದರೆ ದೊಡ್ಡವರ ದೋಷಾರೋಪ ಪಟ್ಟಿಯಲ್ಲಿ, ಜಾಮೀನು ಆದೇಶದಲ್ಲಿ, ತೀರ್ಪಿನಲ್ಲಿ ಹುಡುಗನ ಹೆಸರು, ತಂದೆಯ ಹೆಸರು, ಊರು ಎಲ್ಲ ಬಂದುಬಿಟ್ಟಿರುತ್ತವೆ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಜಾಲತಾಣಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಈ ಅಪಾಯ ಹೆಚ್ಚಿದೆ. ಮಂಡಳಿಯ ಕಡತ ಸುಟ್ಟರೂ ಹೆಸರು ಹಾಕಿ ಹುಡುಕಿದರೆ ತೀರ್ಪು ಸಿಗುತ್ತದೆ. ದೊಡ್ಡವರ ಕೇಸು ನಡೆಯುತ್ತಿರುವ ನ್ಯಾಯಾಲಯಕ್ಕೇ ಹೋಗಿ ಹೆಸರು ಮರೆಮಾಡಲು ಅರ್ಜಿ ಹಾಕಿ. 2020ರ ಜನವರಿಯಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೈಕೋರ್ಟಿನ ತೀರ್ಪಿನಲ್ಲಿ ಮಗುವಿನ ಹೆಸರು ಬಂದದ್ದು ತಪ್ಪೆಂದು ಹೇಳಿ ಸರಿಪಡಿಸಲು ಸೂಚಿಸಿತು. ಹೈಕೋರ್ಟಿಗೇ ಅನ್ವಯಿಸುವ ನಿಯಮ ತಾಲೂಕು ನ್ಯಾಯಾಲಯಕ್ಕೂ ಅನ್ವಯಿಸುತ್ತದೆ ಎಂದು ವಿನಯದಿಂದ ನೆನಪಿಸಬಹುದು.

6. ನಡತೆ ಪ್ರಮಾಣಪತ್ರಕ್ಕೆ ಹಳೆಯ ಕೇಸು ಬರುವಂತಿಲ್ಲ

74ನೇ ಸೆಕ್ಷನ್ ಪ್ರಕಾರ ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಯಾವುದಕ್ಕಾಗಲಿ ಪೊಲೀಸರು ಮಗುವಿನ ದಾಖಲೆಯನ್ನು ಹೊರಗೆಡವಬಾರದು. ಮೊದಲು ಇದು ಮುಗಿದ ಪ್ರಕರಣಕ್ಕೆ ಮಾತ್ರ ಇತ್ತು. 2021ರ ತಿದ್ದುಪಡಿ ನಡೆಯುತ್ತಿರುವ ಪ್ರಕರಣವನ್ನೂ ಸೇರಿಸಿತು. ಠಾಣೆಯ ಸಿಬ್ಬಂದಿಗೆ ಈ ಸೆಕ್ಷನ್ನನ್ನು ತೋರಿಸಿದಾಗ ಅನೇಕರು ಒಪ್ಪಿಕೊಂಡಿದ್ದಾರೆ. ಗೊತ್ತಿಲ್ಲದೆ ಬರೆಯುವವರೇ ಹೆಚ್ಚು.

ಕಷ್ಟವಿರುವುದು ಅರ್ಜಿ ನಮೂನೆಯಲ್ಲಿ. ‘ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೆ?’ ಎಂಬ ಪ್ರಶ್ನೆ ಬಾಲ್ಯದ ಪ್ರಕರಣವನ್ನು ಬೇರ್ಪಡಿಸುವುದಿಲ್ಲ. ಸಿಐಎಸ್‌ಎಫ್ ನೇಮಕಾತಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ, ಅಪ್ರಾಪ್ತ ವಯಸ್ಸಿನ ಆರೋಪ ನಿಜವಾಗಿದ್ದರೂ ಅದರ ಮೇಲೆ ಕೆಲಸ ನಿರಾಕರಿಸುವಂತಿಲ್ಲ ಎಂದಿತು. ಆದರೂ ‘ಮುಚ್ಚಿಟ್ಟಿದ್ದಾನೆ’ ಎಂಬ ತಕರಾರು ಎದ್ದರೆ ನ್ಯಾಯಾಲಯದಲ್ಲಿ ವರ್ಷಗಳು ಹೋಗುತ್ತವೆ. ಸ್ನೇಹಿತರು ಹೇಳಿದರೆಂದು ಇಲ್ಲ ಎಂದೂ ಬರೆಯಬೇಡಿ, ಹೆದರಿ ಎಲ್ಲವನ್ನೂ ತೋಡಿಕೊಳ್ಳಲೂ ಬೇಡಿ. ನಮೂನೆ ಮತ್ತು ಆದೇಶದ ನಕಲು ಎರಡನ್ನೂ ಹಿಡಿದು ವಕೀಲರ ಬಳಿ ಹೋಗಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಿಗೆ ಈ ಸಲಹೆ ಉಚಿತ.

7. ಕಡತ ನೋಡಲು ಬರುವವರು

ಶಾಲೆಯವರು ಕೇಳುತ್ತಾರೆ, ಮದುವೆ ಸಂಬಂಧ ಬೆಳೆಸುವವರು ಕೇಳಿಸುತ್ತಾರೆ, ವರದಿಗಾರರು ಕೇಳುತ್ತಾರೆ. ಮಂಡಳಿ ಪರಿಗಣಿಸಿದ ವರದಿಗಳು 99ನೇ ಸೆಕ್ಷನ್ನಿನಡಿ ಗೌಪ್ಯ. ಹೆಸರು, ವಿಳಾಸ, ಶಾಲೆ ಹೀಗೆ ಗುರುತು ಸಿಗುವ ಯಾವುದನ್ನು ಪ್ರಕಟಿಸಿದರೂ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಂಪರ್ಕದ ಇತರ ರೂಪಗಳೂ ಕಾಯ್ದೆಯ ಮಾತಿನಲ್ಲೇ ಸೇರಿರುವುದರಿಂದ, ಊರಿನ ವಾಟ್ಸ್ಆ್ಯಪ್ ಗುಂಪು ತನಗೆ ಇದು ತಾಗದು ಎಂದುಕೊಳ್ಳಬಾರದು.

ನೊಂದವರ ವಿಷಯ ಬೇರೆ. ಏಟು ತಿಂದ ಹುಡುಗನ ತಂದೆಯನ್ನು ‘ಇದು ಮಕ್ಕಳ ಕೇಸು, ಏನೂ ಕೊಡುವುದಿಲ್ಲ’ ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸುವುದನ್ನು ನೋಡಿದ್ದೇನೆ. ಅದು ಅನ್ಯಾಯ. ನೊಂದವರಿಗೆ ತಮ್ಮ ಪ್ರಕರಣದ ಕಡತ, ಆದೇಶ, ಸಂಬಂಧಪಟ್ಟ ಕಾಗದಗಳನ್ನು ನಿರಾಕರಿಸುವಂತಿಲ್ಲ ಎಂದು ಅದೇ 99ನೇ ಸೆಕ್ಷನ್ ಹೇಳುತ್ತದೆ. ನಾನು ನಿಲ್ಲುವುದು ಎದುರು ಪಕ್ಷಕ್ಕಾದರೂ ಈ ಮಾತನ್ನು ಅವರಿಗೆ ತಿಳಿಸಿಯೇ ತಿಳಿಸುತ್ತೇನೆ.

8. ಮಗುವಿಗೇ ತನ್ನ ಬಗ್ಗೆ ಬರೆದದ್ದು ಗೊತ್ತಿರಲಿ

ಸಾಮಾಜಿಕ ತನಿಖಾ ವರದಿಯ ಸಾರಾಂಶವನ್ನು ಮಗುವಿಗೂ ಪೋಷಕರಿಗೂ ತಿಳಿಸಿ, ಅದಕ್ಕೆ ಸಾಕ್ಷ್ಯ ಒದಗಿಸಲು ಮಂಡಳಿ ಅವಕಾಶ ಕೊಡಬಹುದು. ಇದನ್ನು ಕೇಳಿ ಪಡೆಯುವವರು ಕಡಿಮೆ. ‘ಕೆಟ್ಟ ಸಹವಾಸ’, ‘ಶಾಲೆ ಬಿಟ್ಟವನು’ ಎಂದು ವರದಿಯಲ್ಲಿ ಬರೆದದ್ದನ್ನು ಓದಿ ಹೇಳಿದಾಗ ಒಬ್ಬ ಹುಡುಗ, ‘ಶಾಲೆ ಬಿಟ್ಟಿಲ್ಲ ಮೇಡಂ, ಅಮ್ಮನಿಗೆ ಹುಷಾರಿಲ್ಲ ಅಂತ ಹೋಗಿರಲಿಲ್ಲ’ ಎಂದ. ಮುಖ್ಯೋಪಾಧ್ಯಾಯರಿಂದ ಹಾಜರಾತಿ ತರಿಸಿ ಕಡತಕ್ಕೆ ಸೇರಿಸಿದೆವು. ಒಮ್ಮೆ ಬರೆದ ಮಾತು ಮುಂದಿನ ವರದಿಗೂ ಹಾಗೆಯೇ ನಕಲಾಗಿ ಹೋಗುತ್ತದೆ. ವಿಚಾರಣೆ ನಡೆಯುತ್ತಿರುವಾಗಲೇ ತಿದ್ದಿಸಿಕೊಳ್ಳಿ.