ನಮ್ಮೊಳಗಿನ ಮಂತ್ರಿ ಮತ್ತು ವಸೂಲಿಗಾರ



ರಂಜಾನ್ ಬೇಸಿಗೆಯಲ್ಲಿ ಬಂದರೆ ಪಾವಗಡ, ಮಧುಗಿರಿ ಕಡೆಯ ಬಿಸಿಲಿನಲ್ಲಿ ಉಪವಾಸ ಎಷ್ಟು ಕಷ್ಟವೆಂದು ನಿಮಗೆ ಗೊತ್ತು. ಮಡಕೆಯಲ್ಲಿ ತಣ್ಣೀರಿದೆ, ನೋಡುವವರು ಯಾರೂ ಇಲ್ಲ. ಆದರೂ ಕುಡಿಯುವುದಿಲ್ಲ. ಒಬ್ಬನೇ ಮನುಷ್ಯನೊಳಗೆ 'ಕುಡಿ', 'ಬೇಡ' ಎಂಬ ಎರಡು ದನಿಗಳು ಏಕೆ?

ಜೀವಶಾಸ್ತ್ರದ ಉತ್ತರ ಹೀಗಿದೆ. ದೇಹದಲ್ಲಿ ನೀರು ಕಡಿಮೆಯಾದಾಗ ರಕ್ತದಲ್ಲಿ ಉಪ್ಪಿನ ಸಾಂದ್ರತೆ ಹೆಚ್ಚುತ್ತದೆ. ಮೆದುಳಿನ ಹೈಪೋಥಲಾಮಸ್ ಅದನ್ನು ಗುರುತಿಸಿ ಬಾಯಾರಿಕೆ ಹುಟ್ಟಿಸುತ್ತದೆ. ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್ ಮುಂದಿನದನ್ನು ಯೋಚಿಸಿ ನಮ್ಮನ್ನು ತಡೆಯುತ್ತದೆ. ಈ ಭಾಗ ಪೂರ್ತಿ ಬೆಳೆಯಲು ಸುಮಾರು 25 ವರ್ಷ ಬೇಕು. ಹಾಗಾಗಿ ನಮ್ಮ ವಯಸ್ಸಿನಲ್ಲಿ ಕೋಪವನ್ನೂ ಮೊಬೈಲ್ ಸೆಳೆತವನ್ನೂ ತಡೆಯುವುದು ಹೆಚ್ಚು ಕಷ್ಟ.

ಆಸೆಪಡುವ ಈ ಮನಸ್ಸಿಗೆ ನಮ್ಮ ಮನೆಯ ಉರ್ದುವಿನಲ್ಲಿ 'ನಫ್ಸ್' ಎನ್ನುತ್ತೇವೆ. ಇಮಾಮ್ ಗಜಾಲಿ (1058–1111) ಮನುಷ್ಯನನ್ನು ಒಂದು ರಾಜ್ಯಕ್ಕೆ ಹೋಲಿಸಿದರು: ಹೃದಯ ರಾಜ, ಬುದ್ಧಿ ಮಂತ್ರಿ, ಆಸೆ ಕಂದಾಯ ವಸೂಲಿಗಾರ, ಕೋಪ ಕೊತ್ವಾಲ. ವಾಣಿಜ್ಯ ವಿಭಾಗದ ನನಗೆ ಇದು ಬೇಗ ಅರ್ಥವಾಯಿತು. ವಸೂಲಿಗಾರನನ್ನು ಕೆಲಸದಿಂದ ತೆಗೆದರೆ ಖಜಾನೆ ಖಾಲಿ. ಖಜಾನೆಯ ಬೀಗದ ಕೈ ಅವನಿಗೇ ಕೊಟ್ಟರೆ ರಾಜ್ಯ ಹಾಳು. ಹಸಿವು, ಆಸೆ ಇಲ್ಲದೆ ದೇಹ ಉಳಿಯದು. ಆದರೆ ಅವು ಮಂತ್ರಿಯ ಮಾತು ಕೇಳಬೇಕು.

ತಡೆಯುವುದು ಏಕೆ ಕಷ್ಟವೆಂದು ವಿಜ್ಞಾನ ತಿಳಿಸುತ್ತದೆ. ಯಾವುದನ್ನು ತಡೆಯಬೇಕೆಂದು ನಾವೇ ತೀರ್ಮಾನಿಸಬೇಕು. 'ವಯಸ್ಸೇ ಹಾಗೆ' ಎಂಬುದು ಕಾರಣವಾಗಬಹುದು, ನೆಪವಾಗಬಾರದು. ಒಳಗೆ ಜಗಳ ನಡೆಯುತ್ತಿದ್ದರೆ ನಾವು ಕೆಟ್ಟವರೆಂದು ಅರ್ಥವಲ್ಲ, ಮಂತ್ರಿ ಇನ್ನೂ ಎಚ್ಚರವಾಗಿದ್ದಾನೆ ಎಂದರ್ಥ.