ಕೊಲ್ಹಾಪುರಿ ಚಪ್ಪಲಿ ಹುಟ್ಟುವುದೆಲ್ಲಿ?

ಕೊಲ್ಹಾಪುರಿ ಚಪ್ಪಲಿ ಅಂದಕೂಡಲೇ ಅದು ಮಹಾರಾಷ್ಟ್ರದ್ದು ಎಂದು ಎಲ್ಲರೂ ತಿಳಿಯುತ್ತಾರೆ. ಹೆಸರೇ ಹಾಗಿದೆ. ಆದರೆ ನಮ್ಮ ಅಥಣಿ, ಮದಭಾವಿ, ನಿಪ್ಪಾಣಿ ಕಡೆ ಎಷ್ಟೋ ಸಮಗಾರರ ಮನೆಗಳಲ್ಲಿ ಈ ಚಪ್ಪಲಿ ತಲೆತಲಾಂತರದಿಂದ ತಯಾರಾಗುತ್ತವೆ. ಇಲ್ಲಿ ಮಾಡಿದ ಮಾಲು ಕೊಲ್ಹಾಪುರದ ಪೇಟೆಗೆ ಹೋಗಿ ಮಾರಾಟವಾಯಿತು, ಪೇಟೆಯ ಹೆಸರೇ ಚಪ್ಪಲಿಗೆ ಅಂಟಿಕೊಂಡಿತು. ನಮ್ಮ ಅಜ್ಜನ ಮನೆತನದ ಕಸುಬೂ ಇದೇ. ಆದ್ದರಿಂದ ಮನೆಯಲ್ಲಿ ಕಂಡದ್ದು, ಕೇಳಿದ್ದು, ಓದಿದ್ದು ಕೂಡಿಸಿ ಬರೆದಿದ್ದೇನೆ.

ಮೊದಲು ತೊಗಲಿನ ಸಂಗತಿ. ಅಡಿಗೆ ಎಮ್ಮೆಯ ದಪ್ಪ ತೊಗಲು ಬೇಕು, ಮೇಲಿನ ಪಟ್ಟಿಗೆ ಆಡಿನ ತೆಳು ತೊಗಲು. ಹಸಿ ತೊಗಲನ್ನು ಹಾಗೇ ಬಿಟ್ಟರೆ ಕೊಳೆಯುತ್ತದೆ. ಅದಕ್ಕೇ ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆದು, ಆಮೇಲೆ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲದಂತೆ ಹೊಲಿದು ತೂಗುಹಾಕಿ, ಒಳಗೆ ಈ ತೊಗಟೆ ಮತ್ತು ನೀರು ತುಂಬುತ್ತಿದ್ದರು. ನೀರು ಹನಿಹನಿಯಾಗಿ ಜಿನುಗುತ್ತದೆ. ಕೆಳಗೆ ಬಿದ್ದದ್ದನ್ನು ಹಿಡಿದು ಮತ್ತೆ ಮೇಲೆ ಸುರಿಯಬೇಕು, ದಿನಗಟ್ಟಲೆ. ಈ ಹದ ಮಾಡುವ ಕೆಲಸ ಹೆಚ್ಚಾಗಿ ಢೋರ ಸಮಾಜದವರದು.

ಇದರಾಗ ವಿಜ್ಞಾನ ಏನೈತಿ? ಎಳೇ ಬಾಳೆಕಾಯಿ ಕಚ್ಚಿದ್ರ ನಾಲಿಗಿ ಬಿಗಿ ಹಿಡದಂಗ ಆಗತೈತಲ್ಲ, ಆ ಒಗರಿಗೆ ಕಾರಣ ಟ್ಯಾನಿನ್ ಎಂಬ ಪದಾರ್ಥ. ಜಾಲಿ ತೊಗಟೆಯಲ್ಲೂ ಅದು ಬಹಳ ಇದೆ. ಅದು ತೊಗಲಿನ ಪ್ರೋಟೀನಿನ ಜೊತೆ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ, ಮುಂದೆ ತೊಗಲು ಕೊಳೆಯುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕ್ರೋಮಿಯಂ ಲವಣ ಹಾಕಿ ಬೇಗ ಹದ ಮಾಡುತ್ತಾರೆ. ಜಾಲಿಯ ತೊಗಲು ನಿಧಾನ, ಆದರೆ ಕಾಲಿನ ಬೆವರು ಹೀರುತ್ತದೆ.

ಮುಂದಿನದು ನಮ್ಮವರ ಕೆಲಸ. ಅಜ್ಜ ಕಲ್ಲಿನ ಮೇಲೆ ತೊಗಲು ಹಾಸಿ ರಂಪಿಗೆಯಿಂದ ಅಡಿ ಕೊಯ್ಯುತ್ತಾನೆ, ಅಳತೆಪಟ್ಟಿ ಬೇಕಾಗಿಲ್ಲ. ಎರಡೂ ಬದಿಗೆ ಕಿವಿ, ಹೆಬ್ಬೆರಳಿಗೆ ಉಂಗುಟ, ನಡುವೆ ಪಟ್ಟಿ. ಅಪ್ಪಟ ಕೊಲ್ಹಾಪುರಿಗೆ ಮೊಳೆ ಹೊಡೆಯುವುದಿಲ್ಲ. ಹೊಲಿಗೆಯ ದಾರವೂ ತೊಗಲಿನದೇ, ಅದಕ್ಕೆ ವಾದಿ ಅಂತಾರ. ಪಟ್ಟಿಯ ಮೇಲಿನ ಸಣ್ಣ ಹೆಣಿಕೆ ಮಾತ್ರ ಅಜ್ಜನ ಕೈಯಿಂದ ಆಗುವುದಿಲ್ಲ, ಅದು ಅಜ್ಜಿ ಮತ್ತು ಅವ್ವನ ಪಾಲು. ಅಡಿಗೆ ಮುಗಿಸಿ, ಹೊಸ್ತಿಲ ಬೆಳಕಿಗೆ ಕೂತು, ಕೂದಲಿನ ಜಡೆ ಹೆಣೆದಂತೆ ಹೆಣೆಯುತ್ತಾರೆ. ಗಿರಾಕಿ ಮೊದಲು ನೋಡುವುದು ಆ ಹೆಣಿಕೆಯನ್ನೇ. ಆದರೂ ಚಪ್ಪಲಿ ಯಾರು ಮಾಡಿದರು ಅಂದರೆ ಗಂಡಸರ ಹೆಸರೇ ಹೇಳುತ್ತಾರೆ! 2000ದ ಸುಮಾರಿಗೆ ಅಥಣಿಯ ಹೆಣ್ಣುಮಕ್ಕಳು ಸ್ವಸಹಾಯ ಸಂಘ ಕಟ್ಟಿ, 'ಟೋಹೋಲ್ಡ್' ಎಂಬ ಹೆಸರಿನಲ್ಲಿ ಪರದೇಶಕ್ಕೂ ಚಪ್ಪಲಿ ಕಳಿಸಿದರು ಎಂಬುದನ್ನು ಇಲ್ಲಿ ಹೇಳಲೇಬೇಕು.

12ನೇ ಶತಮಾನದ ಶರಣರಲ್ಲಿ ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ ಇದ್ದರೆಂದು ನಾವು ಓದಿದ್ದೇವೆ. ಬಸವಣ್ಣನವರಿಗೆ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಜಯಂತಿ ದಿವಸ ಆ ಕಥೆ ಕೇಳಿ ಕಣ್ಣೀರು ಹಾಕುವವರೇ ಮರುದಿನ ತೊಗಲಿನ ವಾಸನೆಗೆ ಮೂಗು ಮುಚ್ಚಿಕೊಂಡು ನಮ್ಮ ಓಣಿ ದಾಟುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ನಮ್ಮ ಮಾವನ ಮಗ ಕಸುಬು ಬಿಟ್ಟು ಪುಣೆಗೆ ಹೋದ. ದುಡ್ಡು ಕಡಿಮೆ ಅನ್ನುವುದು ಒಂದು ಕಾರಣ, ಈ ಮೂಗು ಮುಚ್ಚುವುದು ಇನ್ನೊಂದು.

2019ರಲ್ಲಿ ಕೊಲ್ಹಾಪುರಿಗೆ ಭೌಗೋಳಿಕ ಗುರುತು, ಅಂದರೆ ಜಿ.ಐ. ಸಿಕ್ಕಿತು. ಅದರಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ನಮ್ಮ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಹೀಗೆ ಎಂಟು ಜಿಲ್ಲೆಗಳಿವೆ. ಅಂದರೆ ಅರ್ಧ ನಮ್ಮದೇ! 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ತರಹದ ಚಪ್ಪಲಿ ತೋರಿಸಿತು. ಮೊದಲು ಭಾರತದ ಹೆಸರೇ ಇರಲಿಲ್ಲ, ಜನ ಕೇಳಿದ ಮೇಲೆ ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದವಾಯಿತು. ನಮ್ಮ ಕಡೆಯದು ಲಿಡ್ಕರ್. 2,000 ಜೋಡು, ಒಂದು ಜೋಡಿಗೆ ಸುಮಾರು 800 ಯುರೋ, ಅಂದರೆ ಎಂಬತ್ತು ಸಾವಿರ ರೂಪಾಯಿಗೂ ಹೆಚ್ಚು. ಇದನ್ನು ಓದಿ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು: "ಹೆಣದಾಕಿಗೆ ಎಷ್ಟ ಕೊಡ್ತಾರಂತ?" ಪೇಪರಿನಾಗ ಅದು ಇರಲಿಲ್ಲ.

ಕೊಳ್ಳುವವರಿಗೆ ಎರಡು ಮಾತು. ಅಡಿಯನ್ನು ತಿರುಗಿಸಿ ನೋಡಿರಿ, ಅಂಚಿನಲ್ಲಿ ವಾದಿಯ ಹೊಲಿಗೆ ಕಾಣಬೇಕು. ರೆಕ್ಸಿನ್ ಆದರೆ ಮೂಸಿದರೇ ತಿಳಿಯುತ್ತದೆ. ಹೊಸ ಜೋಡು ಎರಡು ದಿನ ಕಾಲು ಕಚ್ಚತಾವ. ಪಟ್ಟಿಗೆ, ಕಿವಿಗೆ ಎಣ್ಣಿ ಸವರಿ ರಾತ್ರಿ ಇಟ್ಟರೆ ಮೆತ್ತಗಾಗತಾವ. ಮಳಿಯಾಗ ಮಾತ್ರ ಹಾಕ್ಕೊಂಡು ಹೋಗಬ್ಯಾಡ್ರಿ. ತೊಯ್ದರೆ ಬಿಸಿಲಿಗೆ ಇಡದೆ ನೆರಳಿನಲ್ಲೇ ಒಣಗಿಸಿರಿ.