ನಮ್ಮೂರ ಗಾಳಿಯನ್ನು ಆಕಾಶದಿಂದ ಅಳೆಯುವುದು ಹೇಗೆ?

ಮಕ್ಕಳೇ, ಕಡೂರು, ಬೀರೂರು, ತರೀಕೆರೆ ಕಡೆಯವರಿಗೆ ಬಾಬಾಬುಡನ್‌ಗಿರಿಯ ಸಾಲು ಹೊಸದೇನಲ್ಲ. ಒಳ್ಳೆಯ ಮಳೆ ಬಂದು ನಿಂತ ಮಾರನೆಯ ದಿನ ಅದನ್ನು ನೋಡಿ. ಬೆಟ್ಟ ಹತ್ತಿರ ಬಂದಂತೆ ಕಾಣುತ್ತದೆ. ಅದರ ಒಂದೊಂದು ಮಡಿಕೆಯೂ ಎದ್ದು ತೋರುತ್ತದೆ. ಅದೇ ಬೆಟ್ಟವನ್ನು ಮಾರ್ಚ್ ತಿಂಗಳ ಮಧ್ಯಾಹ್ನ ನೋಡಿದರೆ ಬರಿಯ ಬೂದು ಗೆರೆ. ಕೆಲವು ದಿನ ಅದೂ ಕಾಣುವುದಿಲ್ಲ. ಬೆಟ್ಟವೇನೂ ಎದ್ದು ಹೋಗಿಲ್ಲ. ಹಾಗಾದರೆ ನಮಗೂ ಬೆಟ್ಟಕ್ಕೂ ನಡುವೆ ಬಂದದ್ದು ಏನು?

ಹೊಲದ ದೂಳು, ಒಲೆಯ ಹೊಗೆ, ಲಾರಿಯ ಹೊಗೆ, ತೋಟದಲ್ಲಿ ಸುಟ್ಟ ಗರಿಯ ಮಸಿ, ಸಮುದ್ರದ ಕಡೆಯಿಂದ ಬಂದ ಉಪ್ಪಿನ ಕಣ. ಗಾಳಿಯಲ್ಲಿ ತೇಲುವ ಇಂಥ ಕಣಗಳಿಗೆಲ್ಲ ಸೇರಿಸಿ ವಿಜ್ಞಾನಿಗಳು ಏರೋಸಾಲ್ ಎನ್ನುತ್ತಾರೆ. ಇವುಗಳಲ್ಲಿ 2.5 ಮೈಕ್ರೋಮೀಟರಿಗಿಂತ ಚಿಕ್ಕವು ಬಹಳ ಅಪಾಯಕಾರಿ. ನಮ್ಮ ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೆಯ ಒಂದು ಪಾಲು ಎಂದುಕೊಳ್ಳಿ. ಮೂಗಿನ ಕೂದಲು ಇವನ್ನು ತಡೆಯಲಾರದು. ಇವು ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವು ವರ್ಷದ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದು ಎಂದು 2009ರಲ್ಲಿ ಭಾರತ ಸರ್ಕಾರ ಮಿತಿ ಹಾಕಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 5 ಮೀರಬಾರದು ಎಂದಿತು.

ಮಿತಿ ಮೀರಿದೆಯೇ ಎಂದು ತಿಳಿಯಲು ಅಳೆಯಬೇಕಲ್ಲ? ಚಿಕ್ಕಮಗಳೂರು ನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರವಿದೆ. ಆದರೆ ಅಂಥ ಯಂತ್ರಕ್ಕೆ ಬಹಳ ಹಣ ಬೇಕು, ದಿನವೂ ನೋಡಿಕೊಳ್ಳುವವರು ಬೇಕು. ಊರೂರಿಗೆ ಒಂದೊಂದು ಇಡಲಾಗದು. ಆದ್ದರಿಂದ ವಿಜ್ಞಾನಿಗಳು ಎಲ್ಲ ಊರುಗಳನ್ನೂ ಒಟ್ಟಿಗೆ ನೋಡಬಲ್ಲ ಉಪಗ್ರಹದ ಕಡೆ ತಿರುಗಿದರು.

ಉಪಗ್ರಹ ನೋಡುವುದು ಬೆಳಕನ್ನು

ಅಡುಗೆಮನೆಯ ಹಂಚಿನ ಸಂದಿಯಿಂದ ಬಿಸಿಲುಕೋಲು ಇಳಿಯುವುದನ್ನು ನೋಡಿದ್ದೀರಾ? ಒಲೆ ಹೊತ್ತಿಸಿದಾಗ ಆ ಕೋಲು ಇನ್ನೂ ಸ್ಪಷ್ಟವಾಗುತ್ತದೆ. ಹೊಗೆಯ ಕಣಗಳು ಬೆಳಕನ್ನು ಎಲ್ಲ ಕಡೆಗೂ ಚದುರಿಸುವುದೇ ಇದಕ್ಕೆ ಕಾರಣ. ಹೀಗೆ ಚದುರಿದ ಬೆಳಕಿನಲ್ಲಿ ಒಂದು ಪಾಲು ಮೇಲಕ್ಕೂ ಹೋಗುತ್ತದೆ. ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ಹಿಡಿಯುವುದು ಆ ಪಾಲನ್ನು. ಅದು ದೂಳನ್ನು ತೂಗುವುದಿಲ್ಲ, ಬೆಳಕನ್ನು ಅಳೆಯುತ್ತದೆ. ಮುಂದಿನದೆಲ್ಲ ಲೆಕ್ಕ.

ಆ ಲೆಕ್ಕದ ಮೊದಲ ಉತ್ತರಕ್ಕೆ ಆಪ್ಟಿಕಲ್ ಡೆಪ್ತ್ ಎಂದು ಹೆಸರು. ಸೂರ್ಯ ನೆತ್ತಿಯ ಮೇಲಿದ್ದಾಗ ಈ ಅಂಕಿ 0.1 ಇದ್ದರೆ, ಕಣಗಳನ್ನು ದಾಟಿ ನೇರವಾಗಿ ನೆಲ ಮುಟ್ಟುವ ಬೆಳಕು ನೂರಕ್ಕೆ ಸುಮಾರು 90 ಪಾಲು. ಅಂಕಿ 1 ಆದರೆ ಸುಮಾರು 37 ಪಾಲು ಮಾತ್ರ.

ಇಲ್ಲೊಂದು ತೊಡಕಿದೆ. ಅದನ್ನು ತರಗತಿಯಲ್ಲೇ ನೋಡಬಹುದು. ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ನಾಲ್ಕು ಹನಿ ಹಾಲು ಬಿಡಿ. ಲೋಟವನ್ನು ಕಪ್ಪು ಸ್ಲೇಟಿನ ಮೇಲೆ ಇಟ್ಟು ಮೇಲಿನಿಂದ ನೋಡಿ. ನೀರು ಮಬ್ಬಾಗಿರುವುದು ಚೆನ್ನಾಗಿ ತಿಳಿಯುತ್ತದೆ. ಈಗ ಅದನ್ನು ಬಿಳಿ ಕಾಗದದ ಮೇಲೆ ಇಡಿ. ಮಬ್ಬು ಎಲ್ಲಿ ಹೋಯಿತು? ಹಾಲು ಕಡಿಮೆಯಾಗಿಲ್ಲ. ಹಿನ್ನೆಲೆಯೇ ಬೆಳ್ಳಗಿದ್ದರೆ ಬಿಳಿ ಮಬ್ಬು ಅದರಲ್ಲಿ ಕರಗಿಹೋಗುತ್ತದೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಸ್ಲೇಟೂ ಇದೆ, ಕಾಗದವೂ ಇದೆ. ತರೀಕೆರೆಯ ಪಶ್ಚಿಮಕ್ಕೆ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿ ಕಡೆಯ ದಟ್ಟ ಕಾಡು ಮೇಲಿನಿಂದ ಕಪ್ಪಾಗಿ ಕಾಣುತ್ತದೆ. ಅದರ ಮೇಲಿನ ಮಬ್ಬನ್ನು ಉಪಗ್ರಹ ಸುಲಭವಾಗಿ ಗುರುತಿಸುತ್ತದೆ. ಪೂರ್ವಕ್ಕೆ ಬಂದರೆ ಕಡೂರು, ಅಜ್ಜಂಪುರದ ಬಯಲು. ಬೇಸಿಗೆಯಲ್ಲಿ ಬೆಳೆಯಿಲ್ಲದ ಹೊಲಗಳು ಬೆಳಕನ್ನು ತಾವೇ ಹೆಚ್ಚಾಗಿ ಹಿಂತಿರುಗಿಸುತ್ತವೆ. ಅಲ್ಲಿ ಮೇಲೆ ಬಂದ ಬೆಳಕು ನೆಲದ್ದೆಷ್ಟು, ದೂಳಿನದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬೇಸಿಗೆಯಲ್ಲಿ ನಮಗೆ ದೂಳಿನ ಕಾಟ ಹೆಚ್ಚು. ಲೆಕ್ಕ ಕಷ್ಟವಾಗುವುದೂ ಆಗಲೇ!

ಮಸಿಯ ಬೆನ್ನು ಹತ್ತಿದ ವಿಜ್ಞಾನಿ

ಕಣಗಳೆಲ್ಲ ಹಾಲಿನ ಹನಿಯಂತೆ ಬೆಳ್ಳಗಿದ್ದರೆ ಕೆಲಸ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಮಸಿ ಕಪ್ಪು. ಅದು ಬೆಳಕನ್ನು ಹೀರಿಕೊಂಡು ಸುತ್ತಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಕೆ. ಸತೀಶ್ ಅವರು ಈ ಕಣಗಳ ಅಧ್ಯಯನಕ್ಕಾಗಿಯೇ 2009ರಲ್ಲಿ ಭಟ್ನಾಗರ್ ಪ್ರಶಸ್ತಿಯನ್ನೂ 2018ರಲ್ಲಿ ಇನ್ಫೋಸಿಸ್ ಪ್ರಶಸ್ತಿಯನ್ನೂ ಪಡೆದರು. ಸುರೇಶ್ ಬಾಬು, ಕೃಷ್ಣಮೂರ್ತಿ ಅವರೊಡನೆ ಸೇರಿ ಅವರು 2002ರಲ್ಲಿ ಬೆಂಗಳೂರಿನ ಗಾಳಿಯ ಅಳತೆಗಳನ್ನು ಪ್ರಕಟಿಸಿದರು. ಅಲ್ಲಿ ತೇಲುತ್ತಿದ್ದ ಕಣಗಳ ತೂಕದಲ್ಲಿ ನೂರಕ್ಕೆ ಸುಮಾರು 11 ಪಾಲು ಮಸಿಯೇ ಇತ್ತು.

ಮಸಿಯನ್ನು ಉಪಗ್ರಹದಿಂದ ಪತ್ತೆ ಮಾಡಲು ಅತಿನೇರಳೆ ಬೆಳಕು ಅನುಕೂಲ. ಅಮೆರಿಕದ ನಾಸಾ 2004ರಲ್ಲಿ ಹಾರಿಸಿದ ಔರಾ ಉಪಗ್ರಹದಲ್ಲಿ ಈ ಬೆಳಕನ್ನು ನೋಡುವ ಓಮಿ ಎಂಬ ಉಪಕರಣವಿತ್ತು. ಆದರೆ ಅದಕ್ಕೊಂದು ಗೊಂದಲ. ಅತಿನೇರಳೆ ಬೆಳಕನ್ನು ಗಾಳಿಯ ಅಣುಗಳೇ ಬಹಳವಾಗಿ ಚದುರಿಸುತ್ತವೆ. ಮಸಿ ಎತ್ತರದಲ್ಲಿದ್ದರೆ, ಕೆಳಗಿನ ಗಾಳಿ ಚದುರಿಸಿ ಮೇಲೆ ಕಳಿಸಿದ ಬೆಳಕನ್ನೂ ನುಂಗುತ್ತದೆ. ನೆಲದ ಹತ್ತಿರವಿದ್ದರೆ ಹಾಗೆ ನುಂಗಲು ಹೆಚ್ಚು ಬೆಳಕಿರುವುದಿಲ್ಲ. ಹೀಗಾಗಿ ಎತ್ತರದಲ್ಲಿರುವ ಸ್ವಲ್ಪ ಮಸಿಯೂ ಕೆಳಗಿರುವ ಹೆಚ್ಚು ಮಸಿಯೂ ಓಮಿಗೆ ಒಂದೇ ರೀತಿ ಕಾಣಬಹುದು.

2009ರಲ್ಲಿ ಸತೀಶ್ ಮತ್ತು ಸಂಗಡಿಗರು ಒಂದು ಉಪಾಯ ಹೇಳಿದರು. 2002ರಲ್ಲಿ ಹಾರಿದ ಆಕ್ವಾ ಉಪಗ್ರಹ ಕೆಲವೇ ನಿಮಿಷಗಳ ಅಂತರದಲ್ಲಿ ಔರಾದ ಮುಂದೆಯೇ ಸಾಗುತ್ತಿತ್ತು. ಅದರಲ್ಲಿದ್ದ ಮೋಡಿಸ್ ಉಪಕರಣ ಕಣಗಳ ಒಟ್ಟು ಪ್ರಮಾಣವನ್ನು ಚೆನ್ನಾಗಿ ಅಳೆಯುತ್ತಿತ್ತು. ಆ ಒಟ್ಟು ಪ್ರಮಾಣವನ್ನು ಓಮಿಯ ಲೆಕ್ಕಕ್ಕೆ ಕೊಟ್ಟರೆ? ಗೊತ್ತಿಲ್ಲದ ಸಂಗತಿಗಳಲ್ಲಿ ಒಂದು ಕಡಿಮೆಯಾಯಿತು. ಆಗ ಕಣಗಳು ಎಷ್ಟು ಎತ್ತರದಲ್ಲಿವೆ, ಎಷ್ಟು ಬೆಳಕು ಹೀರುತ್ತವೆ ಎಂಬುದನ್ನು ಮೊದಲಿಗಿಂತ ಸರಿಯಾಗಿ ಹೇಳಬಹುದು. ಇದನ್ನು ಅವರು ಸಮುದ್ರದ ಮೇಲಿನ ಗಾಳಿಯಲ್ಲಿ ಪರೀಕ್ಷಿಸಿದರು. ಸಮುದ್ರವೇ ಏಕೆ? ಸ್ಲೇಟನ್ನು ನೆನಪು ಮಾಡಿಕೊಳ್ಳಿ.

ಆಕಾಶದ ಲೆಕ್ಕಕ್ಕೆ ನೆಲದ ಸಾಕ್ಷಿ

ಉಪಗ್ರಹದ ಅಂಕಿ ಸರಿಯೋ ತಪ್ಪೋ ಎಂದು ನೆಲದ ಮೇಲಿನ ಉಪಕರಣಗಳಿಂದಲೇ ಪರೀಕ್ಷಿಸಬೇಕು. ಸೂರ್ಯನ ಕಡೆಗೆ ಮುಖ ಮಾಡಿ ಬೆಳಕು ಎಷ್ಟು ಮಂಕಾಗಿದೆ ಎಂದು ಅಳೆಯುವ ಉಪಕರಣಗಳನ್ನು ಇಸ್ರೋ ವಿಜ್ಞಾನಿಗಳು 1980ರ ದಶಕದಿಂದಲೇ ದೇಶದ ಹಲವೆಡೆ ಇಡುತ್ತ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಹವಾಮಾನ ವೀಕ್ಷಣಾಲಯ ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ, ಚಳ್ಳಕೆರೆ ಬಳಿ ಇದೆ. ದೊಡ್ಡ ನಗರದಿಂದ ದೂರವಿರುವುದರಿಂದ ನಮ್ಮಂಥ ಬಯಲುಸೀಮೆಯ ಗಾಳಿ ಹೇಗಿದೆ ಎಂದು ಅಲ್ಲಿ ತಿಳಿಯುತ್ತದೆ. ಸಂಸ್ಥೆಗೆ ಕೊಟ್ಟ ಆ ಜಾಗ ಮೊದಲು ಅಮೃತಮಹಲ್ ಕಾವಲು. ಅಮೃತಮಹಲ್ ತಳಿಯ ದನಗಳನ್ನು ದಿನವೂ ನೋಡುವ ಅಜ್ಜಂಪುರದ ಮಕ್ಕಳಿಗೆ ಕಾವಲು ಎಂದರೇನು ಎಂದು ನಾವು ಹೇಳಬೇಕಿಲ್ಲ.

ನೆಲದಿಂದ ಆಕಾಶದವರೆಗಿನ ಒಟ್ಟು ಮಬ್ಬು ತಿಳಿದರೂ, ಅದರಲ್ಲಿ ನಮ್ಮ ಮೂಗಿನ ಮಟ್ಟದಲ್ಲಿ ಇರುವುದೆಷ್ಟು? ಚಳಿಗಾಲದ ಬೆಳಿಗ್ಗೆ ಹೊಗೆ ತೆಂಗಿನ ಮರದ ಎತ್ತರದಲ್ಲೇ ಹಾಸಿಕೊಂಡಿರುವುದನ್ನು ನೀವು ಕಂಡಿರಬಹುದು. ಬಿಸಿಲೇರಿದಂತೆ ಅದು ಮೇಲೆದ್ದು ಹರಡುತ್ತದೆ. ಒಟ್ಟು ಪ್ರಮಾಣ ಅಷ್ಟೇ ಇದ್ದರೂ ಬೆಳಿಗ್ಗೆ ನಮ್ಮ ಉಸಿರಿಗೆ ಬರುವುದು ಹೆಚ್ಚು. ತೇವವಿದ್ದರೆ ಕೆಲವು ಕಣಗಳು ನೀರು ಹೀರಿ ಊದಿಕೊಂಡು ಇದ್ದದ್ದಕ್ಕಿಂತ ಹೆಚ್ಚಾಗಿ ತೋರುತ್ತವೆ. ಇಂಥ ವಿಷಯಗಳನ್ನೆಲ್ಲ ಲೆಕ್ಕಕ್ಕೆ ಸೇರಿಸಿ ದೆಹಲಿ ಐಐಟಿಯ ಸಾಗ್ನಿಕ್ ಡೇ ಅವರ ತಂಡ 2000ದಿಂದ 2019ರವರೆಗಿನ ಭಾರತದ ಗಾಳಿಯ ನಕ್ಷೆಯನ್ನು ಒಂದೊಂದು ಕಿಲೋಮೀಟರ್ ಚೌಕಕ್ಕೆ ತಯಾರಿಸಿತು. ಮೋಡಿಸ್‌ನ ಹಳೆಯ ಲೆಕ್ಕದಲ್ಲಿ ಚೌಕ 10 ಕಿಲೋಮೀಟರಿನದು. ಕಡೂರೂ ಬೀರೂರೂ ಒಂದೇ ಚೌಕದೊಳಗೆ ಬಂದುಬಿಡಬಹುದಿತ್ತು!

ಇಷ್ಟೆಲ್ಲ ಆದರೂ ಉಪಗ್ರಹಕ್ಕೆ ಕಾಣದ್ದು ಬಹಳ ಇದೆ. ಮುಂಗಾರಿನಲ್ಲಿ ಗಿರಿಯ ಮೇಲೆ ಮೋಡ ಮುಚ್ಚಿದರೆ ದಿನಗಟ್ಟಲೆ ಅಳತೆಯಿಲ್ಲ. ಆಕ್ವಾದಂಥವು ಹಗಲಿನಲ್ಲಿ ಒಮ್ಮೆ ಮಾತ್ರ ನಮ್ಮ ಮೇಲೆ ಹಾಯುತ್ತವೆ. ಭಾರತದ ಇನ್ಸಾಟ್-3ಡಿ (2013), ಇನ್ಸಾಟ್-3ಡಿಆರ್ (2016), ಇನ್ಸಾಟ್-3ಡಿಎಸ್ (2024) ಉಪಗ್ರಹಗಳನ್ನು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಒಂದೇ ಕಡೆ ನಿಂತಂತೆ ಇದ್ದು ಮತ್ತೆ ಮತ್ತೆ ಚಿತ್ರ ತೆಗೆಯುವಂತೆ ರೂಪಿಸಲಾಯಿತು. ಇಂಥ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಅರಸೀಕೆರೆಯ ಆಚೆ, ಹಾಸನದಲ್ಲಿದೆ. ಆದರೆ ಬೆಳಿಗ್ಗೆ ಆರು ಗಂಟೆಗೆ ಅಡುಗೆಮನೆಯೊಳಗೆ ಸುತ್ತುವ ಹೊಗೆ ಇವುಗಳಿಗೂ ಕಾಣದು. ಊರಿನ ಗಾಳಿ ಚೆನ್ನಾಗಿದೆ ಎಂದು ನಕ್ಷೆ ತೋರಿಸುವ ದಿನವೂ, ಸೌದೆ ಒಲೆಯ ಮುಂದೆ ಕುಳಿತ ಅಮ್ಮನೂ ಪಕ್ಕದಲ್ಲಿರುವ ಪುಟ್ಟ ಮಗುವೂ ಮಿತಿ ಮೀರಿದ ಹೊಗೆ ಕುಡಿಯುತ್ತಿರಬಹುದು. ಆ ಅಳತೆ ಆಕಾಶದಿಂದ ಬರುವುದಿಲ್ಲ.

ಮಾಡಿ ನೋಡಿ

ಶಾಲೆಯ ಅಂಗಳದಿಂದ ಕಾಣುವ ಒಂದು ದೂರದ ಬೆಟ್ಟವನ್ನು ಆರಿಸಿಕೊಳ್ಳಿ. ಗಿರಿ ಸಾಲು ಕಾಣದ ಊರಿನವರು ಯಾವುದಾದರೂ ಗುಡ್ಡವನ್ನು ಹಿಡಿಯಿರಿ. ದಿನವೂ ಬೆಳಿಗ್ಗೆ ಹತ್ತೂವರೆಗೆ, ಒಂದೇ ಜಾಗದಲ್ಲಿ ನಿಂತು ನೋಡಿ. ಮಡಿಕೆಗಳು ಕಂಡರೆ 3, ಅಂಚು ಮಾತ್ರ ಕಂಡರೆ 2, ಮಸುಕು ನೆರಳಿನಂತಿದ್ದರೆ 1, ಏನೂ ಕಾಣದಿದ್ದರೆ 0 ಎಂದು ಬರೆಯಿರಿ. ಹಿಂದಿನ ದಿನ ಮಳೆ ಬಂದಿತ್ತೇ, ಮಂಜು ಇದೆಯೇ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಹತ್ತಿರದಲ್ಲಿ ಏನಾದರೂ ಸುಡುತ್ತಿದ್ದಾರೆಯೇ ಎಂಬುದನ್ನೂ ಸೇರಿಸಿ. ಮಂಜಿದ್ದ ದಿನಕ್ಕೆ ಒಂದು ಗುರುತು ಹಾಕಿ, ಬೇರೆ ಪಟ್ಟಿ ಮಾಡಿ. ಜೂನ್‌ನಿಂದ ಮಾರ್ಚ್‌ವರೆಗೆ ಬರೆದರೆ ತಿಂಗಳಿಗೊಂದು ಸರಾಸರಿ ಸಿಗುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಮೂರು ಶಾಲೆಗಳವರು ತಮ್ಮ ಪಟ್ಟಿಗಳನ್ನು ಅಂಚೆಯಲ್ಲಿ ಬದಲಾಯಿಸಿಕೊಂಡು, ಯಾರ ಊರಿನಲ್ಲಿ ಯಾವ ತಿಂಗಳು 0 ಹೆಚ್ಚು ಎಂದು ಹೋಲಿಸಿ ನೋಡಿ.